ಡೆಬಿಯನ್‌ಗೆ ಮರಳುವಾಗ ಹೋಮ್ ವಿಭಾಗವನ್ನು ಏನು ಮಾಡಬೇಕು?

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಮ್ಮ ತಾಲ್ಲೂಕಿನ ಶಾಸನಗಳು ಮತ್ತು ವೀರಗಲ್ಲುಗಳ ಟಿಪ್ಪಣಿ, ಛಾಯಾಚಿತ್ರಗಳನ್ನು ಲ್ಯಾಪ್‌ಟಾಪ್‌ನಲ್ಲಿ ಸಂಗ್ರಹಿಸುತ್ತಿದ್ದೇನೆ. ಆರು ವರ್ಷ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಬಳಸಿದ ಮೇಲೆ, ಹೊಸದನ್ನು ಕಲಿಯುವ ಆಸೆಯಿಂದ ಅದೇ ಬಗೆಯ ಫೆಡೋರಾಕ್ಕೂ ಅಲ್ಲಿಂದ ಆರ್ಚ್‌ಗೂ ಹೋದೆ. ಎರಡರಲ್ಲೂ ಕೆಲಸ ನಡೆಯಿತು. ಆದರೂ ಮನಸ್ಸು ಡೆಬಿಯನ್ನನ್ನೇ ಬಯಸುತ್ತಿದೆ. ಇದು ಹಿಂದಕ್ಕೆ ಹೋದಂತೆ ಎಂದು ಮಗ ಹೇಳುತ್ತಾನೆ. ಡಿಸ್ಕ್‌ನಲ್ಲಿ ನನ್ನ ಕಡತಗಳಿರುವ ಹೋಮ್ ವಿಭಾಗವನ್ನು ಪ್ರತ್ಯೇಕವಾಗಿಯೇ ಇಟ್ಟಿದ್ದೇನೆ. ಅದನ್ನು ಉಳಿಸಿಕೊಂಡು ಮರಳಬಹುದೇ? ಕನ್ನಡ ಬರವಣಿಗೆಗೆ ತೊಂದರೆಯಾದೀತೇ?
— ಓದುಗರು, ಮಧುಗಿರಿ

ಉತ್ತರ: ಮಾನ್ಯರೇ, ಧಾರಾಳವಾಗಿ ಮರಳಬಹುದು. ಮೂರರಲ್ಲಿಯೂ ಇರುವುದು ಅದೇ ಲಿನಕ್ಸ್ ಕರ್ನೆಲ್, ಅಂದರೆ ವ್ಯವಸ್ಥೆಯ ತಿರುಳು. ವ್ಯತ್ಯಾಸವಿರುವುದು ಬದಲಾವಣೆಯ ವೇಗದಲ್ಲಿ. ಆರ್ಚ್‌ನಲ್ಲಿ ಆವೃತ್ತಿಗಳೇ ಇಲ್ಲ, ಹೊಸ ತಂತ್ರಾಂಶ ಸಿದ್ಧವಾದಂತೆಲ್ಲ ಬರುತ್ತಲೇ ಇರುತ್ತದೆ. ಫೆಡೋರಾದ ಪ್ರತಿ ಆವೃತ್ತಿಗೆ ಸುಮಾರು 13 ತಿಂಗಳ ಬೆಂಬಲವಿದ್ದರೆ, 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13ಕ್ಕೆ ದೀರ್ಘಾವಧಿ ಬೆಂಬಲವೂ ಸೇರಿ ಐದು ವರ್ಷ ಭದ್ರತಾ ಪರಿಷ್ಕರಣೆ ದೊರೆಯುತ್ತದೆ. ವರ್ಷಗಟ್ಟಲೆ ಒಂದೇ ಸಂಗ್ರಹದ ಮೇಲೆ ಕುಳಿತು ಕೆಲಸ ಮಾಡುವವರಿಗೆ, ಕೈಗೆ ಒಗ್ಗಿದ ತಂತ್ರಾಂಶ ನಡುವೆ ರೂಪ ಬದಲಿಸದಿರುವುದು ದೊಡ್ಡ ಅನುಕೂಲವೆಂದೇ ನನ್ನ ದೃಢವಾದ ಅಭಿಪ್ರಾಯ. ಅದನ್ನು ಹಿಂದಕ್ಕೆ ಹೋಗುವುದು ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಡೆಬಿಯನ್ 13ರಲ್ಲಿ 32 ಬಿಟ್‌ನ ಹಳೆಯ ಯಂತ್ರಗಳಿಗೆ ಅನುಸ್ಥಾಪಕ (ವ್ಯವಸ್ಥೆಯನ್ನು ಯಂತ್ರಕ್ಕೆ ಹಾಕುವ ತಂತ್ರಾಂಶ) ಇಲ್ಲ. ಆದರೆ ಆರ್ಚ್ 2017ರಲ್ಲಿಯೇ ಅವುಗಳನ್ನು ಕೈಬಿಟ್ಟಿರುವುದರಿಂದ, ನಿಮ್ಮ ಲ್ಯಾಪ್‌ಟಾಪ್ 64 ಬಿಟ್‌ನದೇ ಆಗಿರಬೇಕು. ಆ ಚಿಂತೆ ಬೇಡ.

ಎಚ್ಚರ ಬೇಕಾಗಿರುವುದು ಹೋಮ್ ವಿಭಾಗದ ವಿಷಯದಲ್ಲಿ. ಅಲ್ಲಿ ನಿಮ್ಮ ಕಡತಗಳ ಜೊತೆಗೆ, ಹೆಸರಿನ ಮೊದಲು ಚುಕ್ಕೆ ಇರುವ ಕಾರಣ ಕಣ್ಣಿಗೆ ಬೀಳದ, ತಂತ್ರಾಂಶಗಳ ಸೆಟ್ಟಿಂಗ್‌ಗಳಿರುವ ಸಂಯೋಜನಾ ಕಡತಗಳೂ ಇರುತ್ತವೆ. ಅವನ್ನು ಬರೆದದ್ದು ಆರ್ಚ್‌ನಲ್ಲಿದ್ದ ಹೊಸ ತಂತ್ರಾಂಶ. ಇನ್ನು ಮುಂದೆ ಓದಬೇಕಾಗಿರುವುದು ಡೆಬಿಯನ್‌ನಲ್ಲಿರುವ ಹಳೆಯ ಆವೃತ್ತಿ. ಉದಾಹರಣೆಗೆ, ಡೆಬಿಯನ್ ಕೊಡುವುದು ಫೈರ್‌ಫಾಕ್ಸ್‌ನ ದೀರ್ಘಾವಧಿ ಬೆಂಬಲದ ಆವೃತ್ತಿಯನ್ನು. ಹೊಸ ಫೈರ್‌ಫಾಕ್ಸ್ ಬಳಸಿದ್ದ ಪ್ರೊಫೈಲನ್ನು (ನಿಮ್ಮ ಬುಕ್‌ಮಾರ್ಕ್, ಸೆಟ್ಟಿಂಗ್‌ಗಳಿರುವ ಫೋಲ್ಡರನ್ನು) ಅದು ತೆರೆಯಲು ನಿರಾಕರಿಸಿ, ಹೊಸ ಪ್ರೊಫೈಲ್ ಮಾಡಿಕೊಳ್ಳಿ ಎನ್ನುತ್ತದೆ. ಆದ್ದರಿಂದ ಆರ್ಚ್‌ನಲ್ಲಿರುವಾಗಲೇ ಬುಕ್‌ಮಾರ್ಕ್‌ಗಳನ್ನು ಒಂದು ಎಚ್‌ಟಿಎಂಎಲ್ ಕಡತವಾಗಿ ರಫ್ತು ಮಾಡಿಟ್ಟುಕೊಳ್ಳಿ.

ಅನುಸ್ಥಾಪನೆಯಲ್ಲಿ ಡಿಸ್ಕ್ ವಿಭಜನೆಯ ಹಂತ ಬಂದಾಗ ಕೈಯಾರೆ ವಿಭಜಿಸುವ ಆಯ್ಕೆಯನ್ನೇ ಹಿಡಿಯಿರಿ. ಹಳೆಯ ಹೋಮ್ ವಿಭಾಗವನ್ನು ಹೋಮ್ ಆಗಿಯೇ ಗುರುತಿಸಿ, ಅದನ್ನು ಫಾರ್ಮ್ಯಾಟ್ ಮಾಡಬಾರದೆಂದು ಸೂಚಿಸಿರುವುದನ್ನು ಎರಡು ಬಾರಿ ನೋಡಿಕೊಂಡು ಮುಂದುವರಿಯಿರಿ. ಬಳಕೆದಾರರ ಹೆಸರನ್ನು ಮಾತ್ರ ಹಳೆಯದಕ್ಕಿಂತ ಬೇರೆಯಾಗಿ ಕೊಡಿ. ಮೊದಲ ಬಳಕೆದಾರರಿಗೆ ಆರ್ಚ್‌ನಲ್ಲಿಯೂ ಡೆಬಿಯನ್‌ನಲ್ಲಿಯೂ ಕಡತಗಳ ಒಡೆಯರನ್ನು ಗುರುತಿಸುವ 1000 ಎಂಬ ಸಂಖ್ಯೆಯೇ ಸಿಗುವುದರಿಂದ, ಹಳೆಯ ಹೆಸರಿನ ಫೋಲ್ಡರ್ ಸಾಮಾನ್ಯವಾಗಿ ನಿಮ್ಮ ಒಡೆತನದಲ್ಲಿಯೇ ಉಳಿಯುತ್ತದೆ. ಅದರಿಂದ ಟಿಪ್ಪಣಿ, ಛಾಯಾಚಿತ್ರಗಳನ್ನಷ್ಟೇ ಹೊಸ ಫೋಲ್ಡರಿಗೆ ಸರಿಸಿ, ಚುಕ್ಕೆಯ ಕಡತಗಳನ್ನು ಅಲ್ಲಿಯೇ ಬಿಟ್ಟುಬಿಡಿ.

ಕನ್ನಡ ಬರವಣಿಗೆಗೆ ಯಾವ ತೊಂದರೆಯೂ ಆಗದು. ಭಾರತೀಯ ಭಾಷೆಗಳಲ್ಲಿ ಟೈಪಿಸಲು ನೆರವಾಗುವ ಐಬಸ್-ಎಂ17ಎನ್ ಪ್ಯಾಕೇಜನ್ನು ಹಾಕಿಕೊಂಡರೆ ನುಡಿ ಬಳಸಿದವರಿಗೆ ಪರಿಚಿತವಾದ ಕೆಜಿಪಿ ಕೀಲಿಮಣೆ ವಿನ್ಯಾಸ, ಇನ್‌ಸ್ಕ್ರಿಪ್ಟ್ ಎರಡೂ ದೊರೆಯುತ್ತವೆ; ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳೂ ಡೆಬಿಯನ್ ಭಂಡಾರದಲ್ಲಿವೆ. (ಗುಬ್ಬಿ ಎಂದಾಗ ನಮ್ಮ ಜಿಲ್ಲೆಯವರಿಗೆ ಊರೇ ಮೊದಲು ನೆನಪಾಗುತ್ತದೆ.) ಯೂನಿಕೋಡ್‌ನಲ್ಲಿ ಬರೆದಿಟ್ಟ ನಿಮ್ಮ ಟಿಪ್ಪಣಿಗಳು ಇದ್ದಂತೆಯೇ ತೆರೆದುಕೊಳ್ಳುತ್ತವೆ.

ವೀರಗಲ್ಲೊಂದು ಮಳೆಗೆ ಸವೆದುಹೋದ ಮೇಲೆ ಅದರ ಹಳೆಯ ಚಿತ್ರವನ್ನು ಮತ್ತೆ ತೆಗೆಯಲಾಗದು. ಆದ್ದರಿಂದ ಇದೆಲ್ಲಕ್ಕೂ ಮೊದಲು, ಇಡೀ ಸಂಗ್ರಹವನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲಿಸಿ, ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಐದಾರು ಚಿತ್ರಗಳನ್ನೂ ಟಿಪ್ಪಣಿಗಳನ್ನೂ ತೆರೆದು ನೋಡಿ.