ಓಡುತ್ತಿರುವ ಮಷಿನ್‌ಗೆ ಇನ್ನೆರಡು ಪ್ರೊಸೆಸರ್

ಪ್ರಶ್ನೆ: ಮಾಟುಂಗಾದಲ್ಲಿ ನಮ್ಮ ಊರಿನವರ ಕೆಲವು ಹೋಟೆಲುಗಳ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಎಲ್ಲವೂ ಕ್ಯೂಎಮು-ಕೆವಿಎಂ (ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ಸಾಫ್ಟ್‌ವೇರ್) ಮೇಲಿನ ಒಂದೇ ಲಿನಕ್ಸ್ ವರ್ಚುವಲ್ ಮಷಿನ್‌ನಲ್ಲಿದೆ. ಡೇಟಾಬೇಸ್ ಪೋಸ್ಟ್‌ಗ್ರೆ ಎಸ್‌ಕ್ಯೂಎಲ್. 2 ಪ್ರೊಸೆಸರ್ ಕೊಟ್ಟಿದ್ದೇನೆ. ಭಾನುವಾರ ತಿಂಡಿ ಹೊತ್ತಿಗೆ ಬಿಲ್ ಬರುವುದು ತೀರಾ ನಿಧಾನ. ಮಷಿನ್ ನಿಲ್ಲಿಸದೆ ಇನ್ನೆರಡು ಸೇರಿಸಬಹುದಾ ಸರ್?
– ಒಬ್ಬ ಓದುಗರು, ಮುಂಬಯಿ

ಉತ್ತರ: ಸೇರಿಸಬಹುದು. ಆದರೆ ಮಷಿನ್ ಶುರು ಮಾಡುವಾಗಲೇ ಅದಕ್ಕೆ ಜಾಗ ಬಿಟ್ಟಿರಬೇಕು. ಶುರು ಮಾಡುವ ಆಜ್ಞೆಯಲ್ಲಿ ಪ್ರೊಸೆಸರ್ ಎಷ್ಟು ಎಂದು ಹೇಳುವ ಎಸ್‌ಎಂಪಿ ಸಾಲಿನಲ್ಲಿ ಸುಮ್ನೆ 2 ಅಂತ ಬರೆದಿದ್ದರೆ ಗರಿಷ್ಠ ಮಿತಿಯೂ 2ಕ್ಕೇ ನಿಲ್ಲುತ್ತದೆ. ಪಕ್ಕದಲ್ಲಿ ಮ್ಯಾಕ್ಸ್‌ಸಿಪಿಯೂಸ್ 4 ಅಂತ ಇರಬೇಕಿತ್ತು. ಎಷ್ಟು ಪ್ರೊಸೆಸರ್ ಬರಬಹುದು ಎಂದು ಆಪರೇಟಿಂಗ್ ಸಿಸ್ಟಮ್‌ಗೆ ತಿಳಿಸುವ ಎಸಿಪಿಐ ಎಂಬ ಪಟ್ಟಿ ಬೂಟ್ ಆಗುವಾಗಲೇ ಸಿದ್ಧವಾಗುತ್ತದೆ, ಒಳಗಿನ ಲಿನಕ್ಸ್ ಅದನ್ನೇ ನಂಬುತ್ತದೆ. ನಿಮ್ಮಲ್ಲಿ ಆ ಸಾಲು ಇಲ್ಲದಿದ್ದರೆ ರಾತ್ರಿ ಶಟರ್ ಎಳೆದ ಮೇಲೆ ಒಮ್ಮೆ ನಿಲ್ಲಿಸಿ, ಬರೆದು, ಮತ್ತೆ ಶುರು ಮಾಡಿ. ಬೇರೆ ದಾರಿ ಇಲ್ಲ.

ಜಾಗ ಇದ್ದರೆ ಕ್ಯೂಎಮುವಿನ ಮಾನಿಟರ್‌ನಲ್ಲಿ (ಓಡುತ್ತಿರುವ ಮಷಿನ್‌ಗೆ ಆಜ್ಞೆ ಕೊಡುವ ಕಿಟಕಿ) 'ಇನ್ಫೋ ಹಾಟ್‌ಪ್ಲಗಬಲ್-ಸಿಪಿಯೂಸ್' ಕೊಟ್ಟು ನೋಡಿ. ಪ್ರತಿಯೊಂದು ಪ್ರೊಸೆಸರಿಗೂ ಅದರ ಟೈಪ್, ಸಾಕೆಟ್, ಕೋರ್, ಥ್ರೆಡ್ ನಂಬರ್ ಕಾಣುತ್ತವೆ. ಕ್ಯೂಓಎಂ ಪಾತ್ (ಕ್ಯೂಎಮು ಒಳಗಿನ ವಿಳಾಸ) ಎಂಬ ಸಾಲು ಇದ್ದರೆ ಅದು ಆಗಲೇ ಕೂತಿದೆ, ಇಲ್ಲದಿದ್ದರೆ ಖಾಲಿ. ಖಾಲಿ ಇರುವುದರ ಟೈಪ್ ಮತ್ತು ನಂಬರ್‌ಗಳನ್ನು ಇದ್ದ ಹಾಗೇ ಎತ್ತಿ 'ಡಿವೈಸ್ ಆ್ಯಡ್' ಆಜ್ಞೆಗೆ ಕೊಡಿ. ಹಳೆ ಲೇಖನಗಳಲ್ಲಿ ಸಿಗುವ 'ಸಿಪಿಯು ಆ್ಯಡ್' ಅನ್ನು 5.2ನೇ ಆವೃತ್ತಿಯಲ್ಲಿ ತೆಗೆದುಹಾಕಿದ್ದಾರೆ, ಅದನ್ನು ಹುಡುಕಬೇಡಿ. ನೀವು ವರ್ಶ್ (ವರ್ಚುವಲ್ ಮಷಿನ್‌ಗಳನ್ನು ನಡೆಸುವ ಆಜ್ಞಾ ಸಾಧನ) ಬಳಸುವವರಾದರೆ 'ಸೆಟ್‌ವಿಸಿಪಿಯೂಸ್' ಜೊತೆ 'ಲೈವ್' ಸಾಕು.

ಆಮೇಲೆ ಮಷಿನ್ ಒಳಗೆ ಹೋಗಿ, ಪ್ರೊಸೆಸರುಗಳ ಪಟ್ಟಿ ತೋರಿಸುವ 'ಎಲ್‌ಎಸ್‌ಸಿಪಿಯು' ಆಜ್ಞೆ ಕೊಟ್ಟು ನೋಡಲೇಬೇಕು. ಕೆಲವು ಲಿನಕ್ಸ್‌ಗಳಲ್ಲಿ ಹೊಸ ಪ್ರೊಸೆಸರ್ ಬಂದರೂ ಆಫ್‌ಲೈನ್ ಆಗಿ ಸುಮ್ಮನೆ ಕೂತಿರುತ್ತದೆ. ಸಿಸ್ ಫೋಲ್ಡರ್‌ನಲ್ಲಿ ಆ ಪ್ರೊಸೆಸರಿನ 'ಆನ್‌ಲೈನ್' ಫೈಲಿಗೆ 1 ಬರೆದರೆ ಎಚ್ಚರವಾಗುತ್ತದೆ. ಪೋಸ್ಟ್‌ಗ್ರೆ ಪ್ರತಿ ಕನೆಕ್ಷನ್ನಿಗೂ ಬೇರೆ ಪ್ರೊಸೆಸ್ ಇಟ್ಟುಕೊಳ್ಳುತ್ತದೆ, ಹಾಗಾಗಿ ಹೊಸ ಪ್ರೊಸೆಸರುಗಳಿಗೆ ಆಗಲೇ ಕೆಲಸ ಹಂಚಿಕೆಯಾಗುತ್ತದೆ. ಇದು ನಿಮ್ಮ ಅದೃಷ್ಟ. ಎಷ್ಟೋ ಪ್ರೋಗ್ರಾಮುಗಳು ಶುರುವಿನಲ್ಲಿ ಎಣಿಸಿದ ಲೆಕ್ಕವನ್ನೇ ಹಿಡಿದಿರುತ್ತವೆ.

ಇಷ್ಟೆಲ್ಲ ಮಾಡುವ ಮೊದಲು ಒಂದು ಭಾನುವಾರ ಒಂಬತ್ತು ಗಂಟೆಗೆ, ಗಲ್ಲಾದ ಮುಂದೆ ಜನ ನಿಂತಿರುವಾಗಲೇ, ಮಷಿನ್ ಒಳಗೆ 'ಟಾಪ್' (ಪ್ರೊಸೆಸರಿನ ಹೊತ್ತು ಎಲ್ಲಿ ಹೋಗುತ್ತಿದೆ ಎಂದು ತೋರಿಸುವ ಆಜ್ಞೆ) ತೆರೆದು ನೋಡಿ. 'ಯುಎಸ್' (ಪ್ರೋಗ್ರಾಮುಗಳಿಗೆ ಹೋಗುವ ಹೊತ್ತು) ಸಂಖ್ಯೆ ಜಾಸ್ತಿ ಇದ್ದರೆ ಪ್ರೊಸೆಸರ್ ಸಾಲುತ್ತಿಲ್ಲ. 'ಡಬ್ಲ್ಯುಎ' (ಡಿಸ್ಕಿಗಾಗಿ ಕಾಯುವ ಹೊತ್ತು) ಜಾಸ್ತಿ ಇದ್ದರೆ ಡಿಸ್ಕ್ ನಿಧಾನ, ಆಗ ನಾಲ್ಕಲ್ಲ, ಹದಿನಾರು ಕೊಟ್ಟರೂ ಗಿರಾಕಿ ಕಾಯುವುದು ತಪ್ಪಲ್ಲ. ನನಗಂತೂ ಡಿಸ್ಕಿನ ಮೇಲೇ ಅನುಮಾನ. 'ಟಾಪ್' ಏನು ಹೇಳಿತು ಅಂತ ಬರೆದು ತಿಳಿಸಿ.