10ಕ್ಕೆ 10ರ ರೂಮಿಗೆ ಟವರ್ ಸ್ಪೀಕರ್ ಬೇಡ

ಬಾಗಲಕೋಟೆಯಲ್ಲಿ 10ಕ್ಕೆ 10 ಅಡಿ ರೂಮು, ಕೈಯಲ್ಲಿ 60 ಸಾವಿರ, ನೆಲದ ಮೇಲೇ ನಿಲ್ಲೋ ಎತ್ತರದ ಟವರ್ ಸ್ಪೀಕರ್ ಅಂತ ನಿಕ್ಕಿ ಆಗಿದೆ, ಆಂಪ್ಲಿಫೈಯರ್ 60 ವಾಟ್ ಸಾಕಾ 100 ಬೇಕಾ ಅಂತ ಕೇಳಿದ್ದೀರಿ. ವಾಟ್ ಆಮೇಲೆ ನೋಡೋಣ. ಮೊದಲು ಆ ಟವರ್ ಬಿಡಿ.

ನಾನಿರೋದೂ ಬಾಗಲಕೋಟೆಯ ನವನಗರದಲ್ಲೇ. ರೂಮೂ ಅಷ್ಟೇ. ಕೆಳಗೆ ಇಳಕಲ್ ಗ್ರಾನೈಟ್, ನಾಲ್ಕೂ ಕಡೆ ಬರಿ ಗೋಡೆ. ಬೆಳಗಾವಿಯ ಒಂದು ಅಂಗಡಿಯಲ್ಲಿ ಸೊಂಟದೆತ್ತರದ ಜೋಡಿ ಕೇಳಿ ಮರುಳಾದೆ. ದೊಡ್ಡ ಹಾಲು, ದಪ್ಪ ಕಾರ್ಪೆಟ್ಟು, ಅವರೇ ಆರಿಸಿದ ಹಾಡು, ವಾಲ್ಯೂಮ್ ಬೇರೆ ಜಾಸ್ತಿ. ಚೂರು ಜೋರಾಗಿದ್ದದ್ದು ಯಾವಾಗಲೂ ಚಂದ ಕೇಳುತ್ತೆ, ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಮನೆಗೆ ತಂದು ಹಚ್ಚಿದೆ. ಅಡುಗೆಮನೆಯಿಂದ ಅವ್ವ ಕೂಗಿದಳು, "ಯಾರ ಮನ್ಯಾಗ ಗಿರಣಿ ಚಾಲೂ ಆಗೇತಿ?"

ಸ್ಪೀಕರ್‌ದು ಏನೂ ತಪ್ಪಿಲ್ಲ, ನಾನು ರೂಮಿನ ಲೆಕ್ಕ ಹಾಕಿರಲಿಲ್ಲ. ಎದುರುಬದುರು ಗೋಡೆಗಳ ನಡುವೆ ಯಾವ ಸ್ವರದ ಅರ್ಧ ಅಲೆ ಸರಿಯಾಗಿ ಕೂರುತ್ತೋ ಆ ಸ್ವರ ಉಬ್ಬುತ್ತೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, 10 ಅಡಿ ಅಂದರೆ 3.05 ಮೀಟರ್, ಅದರ ಎರಡರಷ್ಟರಿಂದ ವೇಗವನ್ನು ಭಾಗಿಸಿದರೆ 56 ಹರ್ಟ್ಸ್, ಅಂದರೆ ಸೆಕೆಂಡಿಗೆ 56 ಕಂಪನ. ಉದ್ದಕ್ಕೆ 56, ಅಗಲಕ್ಕೂ 56, ನಮ್ಮ ಸೂರೂ 10 ಅಡಿ, ಎತ್ತರಕ್ಕೂ 56! ಮೂರೂ ಒಂದೇ ಕಡೆ ಬಿದ್ದವು. ಅಷ್ಟು ಕೆಳಗಿನ ಬೇಸ್ ಗಟ್ಟಿಯಾಗಿ ಕೊಡೋದೇ ಟವರ್‌ಗಳ ಹೆಚ್ಚುಗಾರಿಕೆ, ನನ್ನ ರೂಮಿನಲ್ಲಿ ಅದೇ ಶಾಪ ಆಯ್ತು. ಗೋಡೆಗೆ ಒರಗಿ ಕೂತರೆ ಬರೀ ಗುಂಯ್. ರೂಮಿನ ನಡುವೆ ಹೋಗಿ ನಿಂತರೆ ಅದೇ ಸ್ವರ ಮಾಯ. ಮೂಲೆಯಲ್ಲಂತೂ ಕಿಟಕಿ ಗಾಜು ನಡುಗೋದು.

ಸ್ಪೀಕರ್ ಹಿಂದಿನ ತೂತಿಗೆ ಕಾಲುಚೀಲ ತುರುಕಿದೆ, ಒಂಚೂರು ತಗ್ಗಿತು. ಗೋಡೆಗೆ ಕೌದಿ ಕಟ್ಟಿದೆ. ಚಪ್ಪಾಳೆ ತಟ್ಟಿದರೆ ಟಣ್ ಅನ್ನುತ್ತಿದ್ದ ಮಾರ್ದನಿ ನಿಂತಿತು, ಹಾಡಿನ ಮಾತು ಬಿಡಿಬಿಡಿಯಾಗಿ ಕೇಳತೊಡಗಿತು. ಆದರೆ ಬೇಸ್ ಕೌದಿಗೆಲ್ಲ ಜಗ್ಗಲ್ಲ, ಅದಕ್ಕೆ ಮೂಲೆಯಲ್ಲಿ ಅಡಿಗಟ್ಟಲೆ ದಪ್ಪ ಅರಳೆ ತುಂಬಬೇಕು. ಮೊಟ್ಟೆ ಟ್ರೇ ಅಂಟಿಸಿ ಅನ್ನೋರ ಮಾತು ಕೇಳಬೇಡಿ. ಕೊನೆಗೆ ಆ ಟವರ್ ಜೋಡಿನ ಅರ್ಧ ಬೆಲೆಗೆ ಮಾರಿದೆ.

ಇನ್ನು ನಿಮ್ಮ ವಾಟ್. 60ರಿಂದ 100ಕ್ಕೆ ಹೋದರೆ ಸಿಗೋದು ಸುಮಾರು 2 ಡೆಸಿಬೆಲ್ (ಶಬ್ದದ ಜೋರಿನ ಅಳತೆ), ಅಷ್ಟೇ. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹೆಚ್ಚುಕಡಿಮೆ 10 ಪಟ್ಟು ವಾಟ್ ಬೇಕು. 88 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ 1 ವಾಟ್‌ಗೇ ಒಂದು ಮೀಟರ್ ದೂರಕ್ಕೆ 88 ಡೆಸಿಬೆಲ್ ಕೊಡುತ್ತೆ, ಅದೇ ಸಾಕಷ್ಟು ಜೋರು. ನಿಮ್ಮ ರೂಮಿಗೆ 40 ವಾಟ್ ಧಾರಾಳ. ಆರ್‌ಎಂಎಸ್ ಅಂಕಿ, ಅಂದರೆ ಸತತವಾಗಿ ಕೊಡೋ ವಾಟ್ ನೋಡಿ, ಪಿಎಂಪಿಓ ಅಂತ ಕ್ಷಣಮಾತ್ರದ ಉಬ್ಬಿಸಿದ ಅಂಕಿ ಸಾವಿರಗಟ್ಟಲೆ ಬರೆದಿದ್ದರೆ ಪುಟ ತಿರುಗಿಸಿ.

5 ಇಂಚು ವೂಫರ್‌ನ (ಕೆಳಸ್ವರ ನುಡಿಸೋ ಭಾಗ) ಬುಕ್‌ಶೆಲ್ಫ್ ಜೋಡಿ, ಅಂದರೆ ಚಿಕ್ಕ ಪೆಟ್ಟಿಗೆ ಸ್ಪೀಕರ್ ತಗೊಳ್ಳಿ, ದುಡ್ಡಿನ ದೊಡ್ಡ ಪಾಲು ಅದಕ್ಕೇ ಹಾಕಿ. ಹೆಸರು ಬುಕ್‌ಶೆಲ್ಫ್ ಅಂತ ಕಪಾಟಿನಲ್ಲಿ ತುರುಕಬೇಡಿ, ಸ್ಟ್ಯಾಂಡ್ ಮಾಡಿಸಿ. ಮೇಲುಸ್ವರ ನುಡಿಸೋ ಟ್ವೀಟರ್ ಕಿವಿಯೆತ್ತರಕ್ಕೆ ಬರಲಿ, ಹಿಂದೆ ಒಂದಡಿಯಾದರೂ ಜಾಗ ಬಿಡಿ. ಬೇಸ್‌ಗೆಂದೇ ಇರೋ ಸಬ್‌ವೂಫರ್ ಸದ್ಯಕ್ಕೆ ಬೇಡವೇ ಬೇಡ.

ಅಂಗಡಿಗೆ ನಿಮ್ಮ ಹಾಡು ನೀವೇ ಒಯ್ಯಿರಿ. ನಾನು ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಹಾಡು ಒಯ್ಯುತ್ತೇನೆ. ನಮ್ಮ ಬೆಳಗಾವಿ ಜಿಲ್ಲೆ ಸುಳೇಭಾವಿಯವರು ಅನ್ನೋ ಅಭಿಮಾನ ಒಂದು ಕಡೆ ಇರಲಿ, ಕ್ಷಯದಿಂದ ಒಂದು ಶ್ವಾಸಕೋಶ ಕೆಟ್ಟ ಮೇಲೆ ಅವರು ಹಾಡಿದ್ದು ತುಂಡು ತುಂಡು ತಾನ್‌ಗಳಲ್ಲಿ (ಸ್ವರಗಳ ಓಟ), ನಡುವೆ ಸುಮ್ನೆ ಬಿಟ್ಟ ಜಾಗ. ಆ ಜಾಗದಲ್ಲಿ ತಂಬೂರಿಯ ತಂತಿ ಒಂದೊಂದೂ ಬೇರೆಯಾಗಿ ಕೇಳಬೇಕು. ಎರಡು ಜೋಡಿ ಹೋಲಿಸುವಾಗ ವಾಲ್ಯೂಮ್ ಒಂದೇ ಮಟ್ಟಕ್ಕೆ ತರಿಸಿ. ಬಿಲ್ ಮಾಡಿಸೋ ಮುಂಚೆ ನಾಲ್ಕು ದಿನ ಮನೆಗೆ ಕೊಡ್ತೀರಾ ಅಂತ ಕೇಳಿ, ಆಗಲ್ಲ ಅಂದರೆ ಸರಿಹೋಗದಿದ್ದಾಗ ವಾಪಸ್ ತಗೊಳ್ಳೋ ಅಂಗಡಿ ಹುಡುಕಿ.