ಗೋದಾಮಿನ ಬಾಡಿಗೆ, ‘ಅನ್‌ಡಿಫೈನ್ಡ್ ಮೆಥಡ್’ ಕಾಟ

ಪ್ರಶ್ನೆ: ನಮ್ಮದು ತೊಗರಿ ಗೋದಾಮು. ಚೀಲ ಎಷ್ಟು ದಿನ ಇತ್ತು ಅಂತ ನೋಡಿ ಬಾಡಿಗೆ ಹಾಕೋಕೆ ರೂಬಿ ಆನ್ ರೈಲ್ಸ್‌ನಲ್ಲಿ (ರೂಬಿ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟು) ಸಣ್ಣ ಆ್ಯಪ್ ಮಾಡಿದ್ದೇನೆ. ಚೀಲ ಹೊರಗೆ ಹೋದ ತಾರೀಖಿನಿಂದ ಒಳಗೆ ಬಂದ ತಾರೀಖು ಕಳೆಯುತ್ತೇನೆ, ಅಷ್ಟೇ. ಕೆಲವು ರೈತರ ಪುಟ ಸರಿಯಾಗಿ ತೆರೆಯುತ್ತದೆ, ಕೆಲವರದ್ದು ತೆರೆದರೆ ‘ಅನ್‌ಡಿಫೈನ್ಡ್ ಮೆಥಡ್ ಮೈನಸ್ ಫಾರ್ ನಿಲ್’ ಅಂತ ಬರುತ್ತದೆ. ರೈಲ್ಸ್ ಮತ್ತೆ ಇನ್‌ಸ್ಟಾಲ್ ಮಾಡಬೇಕಾ?
– ಓದುಗರು, ಕಲಬುರಗಿ

ಉತ್ತರ: ಬೇಡ್ರೀ, ರೈಲ್ಸ್‌ಗೆ ಏನೂ ಆಗಿಲ್ಲ. ಈ ಎರರ್ (‘ಈ ಕೆಲಸ ಇದಕ್ಕೆ ಗೊತ್ತಿಲ್ಲ’ ಅಂತ ಅರ್ಥ) ಬಂದಾಗ ಎಲ್ಲರ ಕಣ್ಣು ‘ಮೈನಸ್’ ಮೇಲೆ ಹೋಗುತ್ತದೆ, ನೋಡಬೇಕಾದ್ದು ಕೊನೆಯ ಪದ. ನಿಲ್ ಅಂದರೆ ಅಲ್ಲಿ ತಾರೀಖೇ ಇಲ್ಲ. ಯಾರ ಚೀಲ ಇನ್ನೂ ಗೋದಾಮಿನಲ್ಲೇ ಇದೆಯೋ ಅವರ ಹೋದ ತಾರೀಖು ಖಾಲಿ ಇರುತ್ತದೆ ಅಲ್ವಾ, ಆ ಖಾಲಿಯಿಂದ ಕಳೆ ಅಂದರೆ ರೂಬಿ ಏನು ಮಾಡೀತು? ಬಂದ ತಾರೀಖು ಖಾಲಿ ಇದ್ದಿದ್ದರೆ ‘ಎಕ್ಸ್‌ಪೆಕ್ಟೆಡ್ ನ್ಯೂಮರಿಕ್’ ಅನ್ನೋ ಬೇರೆ ಎರರ್ ಬರುತ್ತಿತ್ತು, ಹಾಗಾಗಿ ತಪ್ಪು ಮೈನಸ್‌ನ ಎಡಗಡೆ ಇರುವ ಹೋದ ತಾರೀಖಿನದ್ದೇ.

ಕೆಲವರು ಮೈನಸ್‌ಗೂ ಮುಂಚೆ ಆ್ಯಂಪರ್‌ಸೆಂಡ್ ಮತ್ತು ಚುಕ್ಕೆ ಹಾಕಿ (ನಿಲ್ ಇದ್ದರೆ ಕಳೆಯದೆ ನಿಲ್ ಅನ್ನೇ ಕೊಡು ಅಂತ) ಎರರ್ ಮುಚ್ಚುತ್ತಾರೆ. ಅದು ಸುಮ್ನೆ ಕಣ್ಣೊರೆಸೋದು. ದರದಿಂದ ಗುಣಿಸುವ ಸಾಲಿನಲ್ಲಿ ಅದೇ ನಿಲ್ ಮತ್ತೆ ಎದುರಾಗುತ್ತದೆ. ಹೋದ ತಾರೀಖು ಇಲ್ಲದಿದ್ದರೆ ಇವತ್ತಿನದ್ದು ತಗೋ ಅಂತ ಬರೆಯಿರಿ: ಹೋದ ತಾರೀಖು, ಎರಡು ನೆಟ್ಟಗೆರೆ (‘ಇಲ್ಲದಿದ್ದರೆ’ ಅಂತ), ಡೇಟ್.ಕರೆಂಟ್ (ರೈಲ್ಸ್ ಕೊಡುವ ಇವತ್ತಿನ ತಾರೀಖು). ಇದಿಷ್ಟನ್ನೂ ಆವರಣದೊಳಗೆ ಹಾಕಿ, ಆಮೇಲೆ ಬಂದ ತಾರೀಖು ಕಳೆಯಿರಿ. ಆವರಣ ಬಿಟ್ಟರೆ ಕಳೆಯೋ ಕೆಲಸ ಮೊದಲು ನಡೆದು, ಚೀಲ ಒಯ್ದವರ ಪುಟದಲ್ಲಿ ದಿನದ ಲೆಕ್ಕದ ಬದಲು ತಾರೀಖೇ ಕೂತಿರುತ್ತದೆ.

ಡೇಟ್.ಟುಡೇ (ಸರ್ವರ್‌ನ ಗಡಿಯಾರದ ಇವತ್ತಿನ ತಾರೀಖು) ಮಾತ್ರ ಬೇಡ. ಸರ್ವರ್ ಯುಟಿಸಿಯಲ್ಲಿದ್ದರೆ (ನಮಗಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ಸಮಯ) ನಮ್ಮ ಬೆಳಗಿನ 5.30ರ ತನಕ ಅದು ನಿನ್ನೆಯ ತಾರೀಖನ್ನೇ ಕೊಡುತ್ತದೆ, ನಸುಕಿನಲ್ಲಿ ಲಾರಿ ಬಂದರೆ ಲೆಕ್ಕ ತಪ್ಪಿತು. ರೈಲ್ಸ್ ಸೆಟ್ಟಿಂಗ್‌ನಲ್ಲಿ ಟೈಮ್ ಝೋನ್ ‘ಕೋಲ್ಕತಾ’ ಅಂತ ಇರಲಿ, ಇಲ್ಲದಿದ್ದರೆ ಡೇಟ್.ಕರೆಂಟ್ ಕೂಡ ಯುಟಿಸಿಯನ್ನೇ ಹಿಡಿಯುತ್ತದೆ. ಉತ್ತರ ‘45/1’ ಅಂತ ಕಂಡರೆ ಗಾಬರಿಯಾಗಬೇಡಿ, ತಾರೀಖಿನಿಂದ ತಾರೀಖು ಕಳೆದರೆ ರೂಬಿ ಭಿನ್ನರಾಶಿ ಕೊಡುತ್ತದೆ. ಪೂರ್ಣಾಂಕ ಮಾಡಲು ಟು_ಐ ಹಾಕಿ.

ಪ್ರಶ್ನೆ: ರೈಲ್ಸ್ ಕನ್ಸೋಲ್‌ನಲ್ಲಿ (ಸಾಲು ಬರೆದು ಅಲ್ಲೇ ಓಡಿಸಿ ನೋಡುವ ಕಿಟಕಿ) 30.ಡೇಸ್, ಅಂದರೆ ಮೂವತ್ತು ದಿನ, ನಡೆಯುತ್ತದೆ. ಅದೇ ಸಾಲು ಬೇರೆ ರೂಬಿ ಫೈಲ್‌ನಲ್ಲಿ ‘ಅನ್‌ಡಿಫೈನ್ಡ್ ಮೆಥಡ್ ಡೇಸ್’ ಅನ್ನುತ್ತದೆ. ಯಾಕೆ?
– ಓದುಗರು, ಯಾದಗಿರಿ

ಉತ್ತರ: ಡೇಸ್ ರೂಬಿಯದ್ದಲ್ಲ, ರೈಲ್ಸ್ ಜೊತೆ ಬರುವ ಆ್ಯಕ್ಟಿವ್ ಸಪೋರ್ಟ್ ಅನ್ನೋ ಲೈಬ್ರರಿಯದ್ದು. ಫೈಲ್‌ನ ತಲೆಯಲ್ಲೇ ಆ್ಯಕ್ಟಿವ್_ಸಪೋರ್ಟ್/ಆಲ್ ಅನ್ನು ರಿಕ್ವೈರ್ ಮಾಡಿ (ಒಳಗೆ ತರಿಸಿಕೊಳ್ಳಿ). ರೈಲ್ಸ್ ಒಳಗೇ ಈ ಎರರ್ ಬಂದು ಕೊನೆಯಲ್ಲಿ ಸ್ಟ್ರಿಂಗ್ ಅಂತಿದ್ದರೆ ವಿಷಯ ಬೇರೆ: ಆ 30 ಫಾರ್ಮ್‌ನಿಂದ ಬಂದಿದ್ದು, ಅಂಕಿಯಲ್ಲ, ಅಕ್ಷರ. ಮೊದಲು ಟು_ಐ, ಆಮೇಲೆ ಡೇಸ್.